ಒಂದೇ ಗಾಡಿ, ಎರಡು ಡಬ್ಬಿ

ಓದುವುದೆಂದರೆ ನನಗೆ ಪೇಪರ್ ಓದುವುದು, ಅಷ್ಟೇ. ಒಂದು ಕಾಲಂ ಹಿಡಿದರೆ ತಳಮುಟ್ಟ ಇಳಿದು, ಮತ್ತೆ ಪಕ್ಕದ ಕಾಲಂನ ತಲೆಗೆ ಹತ್ತುವುದು. ಅಡುಗೆಮನೆಯ ಶೆಲ್ಫಿಗೆ ಹಾಸಿದ ಹಳೆಯ ಪೇಪರನ್ನೂ ಬಗ್ಗಿ ಬಗ್ಗಿ ಹೀಗೆಯೇ ಓದುತ್ತ ಎಷ್ಟೋ ಸಲ ಬೇಳೆ ತಳ ಹತ್ತಿಸಿದ್ದೇನೆ. ಹೀಗಾಗಿ ಮಗಳು ಮೇಘಾ ತಾನೇ ಬರೆದು ಚಿತ್ರ ಬಿಡಿಸಿದ ಪುಸ್ತಕವನ್ನು ಕೈಗಿಟ್ಟಾಗ ಅದನ್ನೂ ಹಾಗೆಯೇ ಓದಿದೆ.

"ಗ್ರಾಫಿಕ್ ನಾವೆಲ್ ಅಮ್ಮಾ. ಕಾಲೇಜ್ ಮಕ್ಕಳು ಓದ್ತಾರಲ್ಲ, ಅದು. ಫಸ್ಟ್ ನೀನು ಓದು. ನೀನು ಬೇಡ ಅಂದ್ರೆ ಪ್ರಿಂಟಿಗೆ ಕೊಡಲ್ಲ" ಅಂದಳು. ಅಂದವಳು ನನ್ನ ಮುಖ ನೋಡದೆ ಹೊರಗೆ ಹೋದಳು. ಅವಳ ಅಪ್ಪ ಹೋದಾಗಿನಿಂದ ನಾವಿಬ್ಬರೂ ಮನೆಯಲ್ಲಿ ಮೆಲ್ಲಗೇ ಮಾತಾಡುತ್ತೇವೆ, ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ. ಆದರೆ ಇದು ಆ ಮೆಲುದನಿಯಲ್ಲ. ಇದರಲ್ಲಿ ಹೆದರಿಕೆ ಇತ್ತು.

ಕತೆಯಲ್ಲಿ ಇಬ್ಬರು ಹುಡುಗಿಯರು. ಒಬ್ಬಳ ಕೂದಲು ಗುಂಗುರು. ಇನ್ನೊಬ್ಬಳ ಎಡಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಬೂಟು. ಆ ಬೂಟು ಕಂಡದ್ದೇ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಪೋಲಿಯೊ ಆದ ಕಾಲಿಗೆ ನಮ್ಮವರು ಕಟ್ಟುತ್ತಿದ್ದದ್ದು ಅದೇ ಬೂಟು, ಪಟ್ಟಿಯ ಮೂರನೆಯ ತೂತು ಹರಿದದ್ದೂ ಹಾಗೆಯೇ ಇತ್ತು. ಹುಡುಗಿಯರು ಪ್ಲಾಟ್‌ಫಾರ್ಮಿನಲ್ಲಿ ನಿಂತರು, ಕೈ ಕೈ ಹಿಡಿದರು, ಆಮೇಲೆ ಒಬ್ಬಳು "ನಿನ್ನ ಹೆಸರೇನು?" ಎಂದು ಕೇಳಿದಳು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಮದುವೆಯೂ ಅದೇ ಕ್ರಮದಲ್ಲಿ ಆದದ್ದು. ಧಾರವಾಡದಲ್ಲಿ ಅಕ್ಷತೆ ಬಿದ್ದು, ಮುಂಬೈ ಗಾಡಿ ಹತ್ತಿದ ಮೇಲೆಯೇ ನಾನು ಅವರನ್ನು ಚಹಾಕ್ಕೆ ಸಕ್ಕರೆ ಎಷ್ಟು ಹಾಕಬೇಕೆಂದು ಕೇಳಿದ್ದು.

ಇಂಥ ಕತೆಯಲ್ಲಿ ಕೊನೆಗೆ ದೇವರೋ ಡಾಕ್ಟರೋ ಬಂದು ಕಾಲು ಸರಿಮಾಡಬೇಕು. ಕಾಯುತ್ತಲೇ ಓದಿದೆ. ಯಾರೂ ಬರಲಿಲ್ಲ. ಹುಡುಗಿ ಅದೇ ಕಾಲಿನಲ್ಲಿ ಜಗಳವಾಡಿದಳು, ಪರೀಕ್ಷೆ ಬರೆದಳು, ಗುಂಗುರು ಕೂದಲಿನವಳ ಕೆನ್ನೆಗೆ ಮುತ್ತು ಕೊಟ್ಟಳು. ನನಗೆ ಸಮಾಧಾನವಾಯಿತು. ನಮ್ಮವರೂ ಅದೇ ಕಾಲಿನಲ್ಲಿ ಮುಂಬೈಯ ಫೋರ್ಟಿನ ಬ್ಯಾಂಕಿಗೆ ಹೋಗಿ ಬಂದು, ಸಂಸಾರ ಮಾಡಿ, ನನ್ನ ಸಾರಿಗೆ ಉಪ್ಪಿಲ್ಲ ಹುಳಿಯಿಲ್ಲ ಎಂದು ಹೆಸರಿಟ್ಟು ಹೋದವರು.

ಆದರೆ ಒಂದು ಪುಟದಲ್ಲಿ ಸಿಕ್ಕಿಬಿದ್ದೆ. ಬೂಟಿನ ಹುಡುಗಿ ದಿನಾ ಲೋಕಲ್ ರೈಲಿನ ಹ್ಯಾಂಡಿಕ್ಯಾಪ್ ಡಬ್ಬಿ ಹತ್ತುವವಳು, ಒಂದು ದಿನ ಅದನ್ನು ಬಿಟ್ಟು ಗೆಳತಿಯ ಜೊತೆ ಲೇಡೀಸ್ ಡಬ್ಬಿ ಹತ್ತಿದಳು. ಇಬ್ಬರೂ ಕಿಟಕಿಗೆ ಒರಗಿ ಕೂತರು. ಹೊರಗೆ ಇಡೀ ಊರು ನೀಲಿಯಾಗಿ ತೇಲಿ ಹೋಗುತ್ತಿತ್ತು. ನಾವು ಗಂಡಹೆಂಡತಿ ಎಲ್ಲಿಗೆ ಹೊರಟರೂ ಅವರು ತಮ್ಮ ಡಬ್ಬಿ, ನಾನು ಲೇಡೀಸು. ಜೊತೆಗೆ ಬರಲೇ ಎಂದರೆ "ನನಗೇನ ಬೆಂಗಾವಲು ಬೇಕಾಗಿಲ್ಲ" ಎನ್ನುವ ಬಿಗುಮಾನ ಬೇರೆ. ಇಳಿದ ಮೇಲೆ ಗದ್ದಲದ ನಡುವೆ ಟಕ್, ಟಕ್ ಎಂಬ ಸಪ್ಪಳಕ್ಕೆ ಕಾಯುತ್ತ ನಿಲ್ಲುತ್ತಿದ್ದೆ. ನಮ್ಮನ್ನು ಬೇರೆ ಮಾಡಿದ ರೈಲ್ವೆಯವರನ್ನು ನಾನು ಬೈಯದ ಪ್ರಯಾಣವಿಲ್ಲ.

ಮೇಘಾ ಬಂದು ಬಾಗಿಲಲ್ಲೇ ನಿಂತಳು. "ಓದಿದ್ಯಾ?"

"ಓದಿದೆ. ಹೆಸರು ಕೇಳೂಕಿಂತ ಮೊದಲ ಕೈ ಹಿಡದಾರಲ್ಲ, ಅದು ಛಲೋ ಅದ."

ಅವಳು ಪುಸ್ತಕ ಕಿತ್ತುಕೊಂಡು ನೋಡಿದಳು. "ಅಮ್ಮಾ, ಅಡ್ಡ ಓದ್ಬೇಕು. ನೀನು ಪೇಪರ್ ಥರ ಓದಿದ್ದೀಯ ಪೂರಾ." ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಆ ಗುಂಗುರು ಕೂದಲು ಇದೆಯಲ್ಲ, ಅದು ಜಾನ್ಹವಿ."

ಜಾನ್ಹವಿ ಎಂದರೆ ಭಾನುವಾರ ನಮ್ಮಲ್ಲಿ ರೊಟ್ಟಿ ಉಣ್ಣಲು ಬರುವ ಮರಾಠಿ ಹುಡುಗಿ.

"ಗೊತ್ತಾತು. ಮೂಗು ಒಂಚೂರು ಸಣ್ಣ ಮಾಡೀದಿ."

"ಇನ್ನೊಬ್ಬಳು ನಾನು. ಬೂಟು ಮಾತ್ರ ಅಪ್ಪಂದು." ಅವಳ ಕಣ್ಣು ನೆಲದ ಮೇಲಿತ್ತು. "ಏನಾದ್ರೂ ಅನ್ನು ಅಮ್ಮಾ."

ಕೇಳುವುದು ಬಹಳ ಇತ್ತೇನೋ. ಬಾಯಿಗೆ ಬಂದದ್ದು ಒಂದೇ. "ನೀವಿಬ್ರೂ ಯಾವ ಡಬ್ಬ್ಯಾಗ ಹೋಗ್ತೀರಿ?"

"ಲೇಡೀಸ್. ಯಾಕೆ?"

"ಬಾಜೂಕ ಕೂಡ್ತೀರೇನು?"

"ಜಾಗ ಸಿಕ್ರೆ."

ನನಗೆ ಅಳು ಬಂತು. ಅವಳು ಹೆದರಿ ನನ್ನ ಬೆನ್ನು ಸವರುತ್ತ, "ಟೈಮ್ ತಗೋ ಅಮ್ಮಾ, ಅರ್ಜೆಂಟಿಲ್ಲ" ಅಂದಳು. ಅದು ಹೊಟ್ಟೆಕಿಚ್ಚಿನ ಅಳು ಎಂದು ಹೇಗೆ ಹೇಳಲಿ? "ಪ್ರಿಂಟಿಗೆ ಕೊಡು. ಮೂಗು ಸರಿಮಾಡಿ ಕೊಡು" ಎಂದೆ.

ಭಾನುವಾರ ಮೂವರೂ ಮಾಟುಂಗಕ್ಕೆ ಇಡ್ಲಿ ತಿನ್ನಲು ಹೊರಟೆವು. ವಿಲೆ ಪಾರ್ಲೆಯಲ್ಲಿ ಲೇಡೀಸ್ ಡಬ್ಬಿ ಅಪರೂಪಕ್ಕೆ ಖಾಲಿ ಇತ್ತು. "ಬಸಾ ನಾ ಕಾಕೂ" ಎಂದು ಜಾನ್ಹವಿ ಜಾಗ ತೋರಿಸಿದಳು, ಕೂತೆ. ಗಾಳಿ ಬರುತ್ತಿತ್ತು. ಕಣ್ಣು ಮುಚ್ಚಿದರೆ ಮುಂದಿನ ಯಾವುದೋ ಡಬ್ಬಿಯಲ್ಲಿ ಅವರೂ ಕೂತು ಬರುತ್ತಿದ್ದಾರೆ ಅನ್ನಿಸಿತು. ಬಾಂದ್ರಾ ದಾಟಿದ ಮೇಲೆ ಕಣ್ಣು ಬಿಟ್ಟೆ. ಎಡಕ್ಕೆ ಮೇಘಾ, ಬಲಕ್ಕೆ ಜಾನ್ಹವಿ. ಪರ್ಸು ತೊಡೆಯ ಮೇಲಿಟ್ಟುಕೊಂಡು ನಡುವೆ ಗಟ್ಟಿಯಾಗಿ ಕೂತವಳು ನಾನು. ಆ ಹುಡುಗಿಯರು ನನ್ನ ಬೆನ್ನ ಹಿಂದಿನಿಂದ ಬೆರಳು ಹಿಡಿದುಕೊಂಡಿದ್ದರು.

ಮಾಹೀಂ ದಾಟಿದಾಗ ಎದ್ದೆ. ದೊಡ್ಡ ಮನಸ್ಸಿನಿಂದ ಎದ್ದೆ ಎಂದು ಬರೆಯುವ ಆಸೆಯಿದೆ. ಆದರೆ ಮುಂದಿನ ಸ್ಟೇಷನ್ ನಮ್ಮದೇ ಆಗಿತ್ತು.