ತುಪ್ಪದ ರೊಟ್ಟಿ ಮತ್ತು ಏಳನೆಯ ಪುಸ್ತಕ

ಕಾಂತೇಶ: ಇಷ್ಟು ತುಪ್ಪ ಯಾಕ ಹಾಕಿದಿ?

ಪರಿಮಳಾ: ರೊಟ್ಟಿ ಮ್ಯಾಲ ತುಪ್ಪ ಬಿದ್ದರ ಕಾರಣ ಕೇಳೋ ಗಂಡಸನ್ನ ಇವತ್ತ ನೋಡಿದೆ.

ಕಾಂತೇಶ: ದಿನಾ ಅರ್ಧ ಚಮಚ. ಇವತ್ತ ಕಮ್ಮಿ ಅಂದ್ರೂ ಮೂರು. ಕಾರಣ ಇಲ್ಲದ ಮಟ್ಟ ಏರಂಗಿಲ್ಲ.

ಪರಿಮಳಾ: ಇದು ಊಟದ ಗಂಗಾಳರಿ. ಕಾಲುವಿ ಅಲ್ಲ.

ಕಾಂತೇಶನಿಗೆ ಎರಡರ ನಡುವೆ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಅವನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಗೇಜ್ ರೀಡರ್. ಕಾಲುವೆಯ ದಂಡೆಗೆ ನೆಟ್ಟ ಅಳತೆಪಟ್ಟಿಯನ್ನು ದಿನಕ್ಕೆ ಮೂರು ಸಲ ನೋಡಿ ನೀರಿನ ಮಟ್ಟ ಬರೆದುಕೊಳ್ಳುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ನೀರು ಎರಡು ಸೆಂಟಿಮೀಟರ್ ಏರಿದರೂ ಮೇಲೆ ಎಲ್ಲೋ ಏನೋ ನಡೆದಿದೆ ಎಂದು ಅವನಿಗೆ ತಿಳಿಯುತ್ತದೆ. ಅಂಥವನ ರೊಟ್ಟಿಯ ಮೇಲೆ ಆ ಭಾನುವಾರ ಮಧ್ಯಾಹ್ನ ತುಪ್ಪ ಕೆರೆಯಂತೆ ನಿಂತಿತ್ತು.

ಹಿಂದಿನ ಭಾನುವಾರ ಗಂಡ ಹೆಂಡತಿ ಯಾದಗಿರಿಗೆ ಹೋದಾಗ ಏಳು ಹೊಸ ಕಾಮಿಕ್ಸ್ ಕೊಂಡು ತಂದಿದ್ದರು. ವಜ್ರಭುಜ ಎಂಬ ಮಹಾವೀರನ ಏಳು ಭಾಗದ ಕಥೆ, ವಾರದ ಏಳು ದಿನಕ್ಕೆ ಏಳು ಪುಸ್ತಕ. ಕಾಲುವೆಯ ನೀರಿಗೆ ಹೊಲಗಳ ಸರದಿ ಇರುವಂತೆ ಪುಸ್ತಕಕ್ಕೂ ಸರದಿ ಇತ್ತು. ಪರಿಮಳಾ ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಸಂಜೆ ಮೊದಲು ಮನೆಗೆ ಬರುವವಳು, ಆದ್ದರಿಂದ ಮೊದಲು ಓದುವವಳು. ಕಾಂತೇಶನದು ಕಾಲುವೆಯ ತುದಿಯ ಹೊಲ. ತುದಿಗೆ ಬರುವ ನೀರು ಹೇಗೆ ಕೆಸರಾಗಿರುತ್ತದೆಯೋ ಹಾಗೆ ಅವನ ಕೈಗೆ ಬರುವ ಪುಸ್ತಕದ ಅಂಚಿನ ತುಂಬ ಅವಳ ಪೆನ್ಸಿಲ್ ಅಭಿಪ್ರಾಯಗಳಿರುತ್ತಿದ್ದವು.

ಶನಿವಾರ ಆರನೆಯದನ್ನು ಮುಗಿಸಿದಾಗ ಹಿಂದಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಕಂಡದ್ದು: ಮುಂದಿನ ಭಾಗ, ವಜ್ರಭುಜನ ಅಂತ್ಯ? ಕಾಂತೇಶ ಆ ಸಾಲನ್ನು ಮತ್ತೊಮ್ಮೆ ಓದಿದ. ಎಂಟನೆಯ ತರಗತಿಯಲ್ಲಿ ಹಾಸ್ಟೆಲಿನಲ್ಲಿ ಒಬ್ಬನೇ ಜ್ವರದಿಂದ ಮಲಗಿದ್ದಾಗ ಯಾರೋ ಕೊಟ್ಟ ರಟ್ಟಿಲ್ಲದ ಪುಸ್ತಕದಲ್ಲಿ ಅವನಿಗೆ ವಜ್ರಭುಜ ಮೊದಲ ಸಲ ಸಿಕ್ಕಿದ್ದ. ಅಂದಿನಿಂದ ಬಿಟ್ಟಿರಲಿಲ್ಲ. ಈ ಅಂತ್ಯವನ್ನು ಮಾತ್ರ ತಾನೇ ಓದಿ ತಿಳಿಯಬೇಕು, ಯಾರ ಬಾಯಿಂದಲೂ ಅಲ್ಲ. ಆ ಸಂಜೆಯೇ ಹೆಂಡತಿಗೆ ಅಪ್ಪಣೆಯಾಯಿತು: ಏಳನೆಯ ಪುಸ್ತಕದ ಬಗ್ಗೆ ಒಂದು ಮಾತೂ ಆಡಕೂಡದು, ಪೆನ್ಸಿಲ್ ಮುಟ್ಟಕೂಡದು. ಪರಿಮಳಾ ತಲೆಯಾಡಿಸಿದ್ದಳು. ಭಾನುವಾರ ಬೆಳಿಗ್ಗೆ ಅವನು ಗೇಜ್ ನೋಡಲು ಹೋದ, ಪುಸ್ತಕ ಮನೆಯಲ್ಲೇ ಇತ್ತು, ಅವಳಿಗೆ ರಜೆ. ತಿರುಗಿ ಬಂದು ಊಟಕ್ಕೆ ಕೂತರೆ ಈ ತುಪ್ಪ.

ಕಾಂತೇಶ: ನೀ ಏಳನೇದು ಓದೀದಿ.

ಪರಿಮಳಾ: ಆರನೇದರ ತನಕ ಏನು ಬೇಕಾದ್ದು ಕೇಳ್ರಿ. ಏಳನೇದಕ್ಕ ನನ್ನ ಬಾಯಿ ಬಂದ್. ಸಾಹೇಬರ ಅಪ್ಪಣಿ.

ಕಾಂತೇಶ: ಆರರ ಬಗ್ಗೆ ಕೇಳೋದೇನುಳದದ? ಎಲ್ಲಾ ಬರದಿಟ್ಟೀದಿ. ಎರಡನೇದರಾಗ ಆಂವ ಒಡದ ಡ್ಯಾಮಿಗಿ ಎದಿ ಕೊಟ್ಟು ನಿಂತಾಗ ನನ್ನ ಕಣ್ಣಾಗ ನೀರು ಬಂದಿತ್ತು. ಬಾಜೂಕ ನೋಡಿದರ ನಿನ್ನ ಪೆನ್ಸಿಲ್: ಎದಿ ಎರಡು ಅಡಿ, ಒಡಕು ನಾನ್ನೂರು ಅಡಿ.

ಪರಿಮಳಾ: ತಪ್ಪೇನದ? ಉಳದ ಮುನ್ನೂರ ತೊಂಬತ್ತೆಂಟು ಅಡಿಗಿ ಯಾರ ಎದಿ ಕೊಡಬೇಕು? ನೀರಿನ ಕೆಲಸದಾಗಿದ್ದು ನೀವು ಅದಕ್ಕ ಕಣ್ಣೀರು ಹಾಕಿದ್ರಿ ಅಂದ್ರ ನಾ ಯಾರಿಗಿ ಹೇಳಲಿ.

ಕಾಂತೇಶ: ಚಿತ್ರದಾಗ ನೀರು ನಿಂತದ.

ಪರಿಮಳಾ: ಚಿತ್ರದಾಗ ಆಂವ ಸಮುದ್ರದಿಂದ ಊರಿಗಿ ಒಂದು ಸೆಕೆಂಡಿನಾಗ ಬಂದಾನ. ಲೆಕ್ಕ ಹಾಕಿದೆ, ನಾನ್ನೂರು ಕಿಲೋಮೀಟರ್. ಬೈತಲಿ ಅಲುಗಿಲ್ಲ. ಆ ಎಣ್ಣಿ ಎಲ್ಲಿ ಸಿಗ್ತದಂತ ಕೇಳಿ ಬರದೇನಿ, ಅಷ್ಟ.

ಅಷ್ಟೇ ಆಗಿರಲಿಲ್ಲ. ಮೂರನೆಯ ಭಾಗದಲ್ಲಿ ನೆಲಸಮವಾದ ಪಟ್ಟಣ ನಾಲ್ಕನೆಯದರಲ್ಲಿ ಬಣ್ಣ ಬಳಿದುಕೊಂಡು ನಿಂತದ್ದನ್ನು ಅವಳು ಗುರುತಿಸಿ, ತಮ್ಮ ಬಚ್ಚಲಮನೆಯ ಬಾಗಿಲು ಮುರಿದು ಮೂರು ವರ್ಷವಾದರೂ ಗಂಡ ಒಂದು ಮೊಳೆ ಹೊಡೆದಿಲ್ಲ ಎಂದು ಅಲ್ಲೇ ಅಂಚಿನಲ್ಲಿ ದಾಖಲಿಸಿದ್ದಳು. ಖಳನಾಯಕ ವಜ್ರಭುಜನನ್ನು ಕಟ್ಟಿಹಾಕಿ ತನ್ನ ಸಂಚನ್ನೆಲ್ಲ ನಾಲ್ಕು ಪುಟ ವಿವರಿಸುವ ಕಡೆ, ಇವನನ್ನು ನಮ್ಮ ಶಾಲೆಗೆ ಕಳಿಸಿರಿ, ಇಷ್ಟು ಬಿಡಿಸಿ ಹೇಳುವವರು ಇಲ್ಲ ಎಂದಿತ್ತು.

ಕಾಂತೇಶ: ಐದನೇದರಾಗ ಹೆಣ್ತಿ ಆತನ್ನ ಗುರ್ತು ಹಿಡಿಯಂಗಿಲ್ಲ, ಎಂಥಾ ದುಃಖದ ಜಾಗಾ ಅದು. ಅಲ್ಲೂ ನೀ ಬಿಡಲಿಲ್ಲ.

ಪರಿಮಳಾ: ಕಣ್ಣಿಗಿ ಎರಡು ಬೆರಳು ಅಗಲದ ಪಟ್ಟಿ ಕಟ್ಯಾನ. ಅಷ್ಟಕ್ಕ ಗುರ್ತು ಸಿಗಂಗಿಲ್ಲೇನು? ನೀವು ಕಂಬಳಿ ಹೊದ್ದು ಮೂರನೇ ಮನ್ಯಾಗ ಮಲಗಿದರೂ ಕೆಮ್ಮಿನ ಮ್ಯಾಲ ನಾ ಗುರ್ತು ಹಿಡೀತೇನಿ.

ಕಾಂತೇಶ ತಟ್ಟೆಯನ್ನು ಒಂದು ಗೇಣು ಮುಂದೆ ಸರಿಸಿದ. ಅವನ ಹತ್ತಿರ ಮೂರು ಗುರುತುಗಳಿದ್ದವು. ಮೂರು ಸಲ ಅಳೆದದ್ದು ಸುಳ್ಳಾಗುವುದಿಲ್ಲ ಎಂಬುದು ಅವನ ಕಸುಬಿನ ನಂಬಿಕೆ.

ಕಾಂತೇಶ: ಕೇಳು. ನಿನ್ನಿ ಸಂಜಿಗಿ ನಾ ಕೆಸರ ಚಪ್ಪಲಿ ಪಡಸಾಲಿತನಕ ತಂದೆ. ನೀ ಬೈಲಿಲ್ಲ. ಇದು ಒಂದು. ಇವತ್ತ ಮುಂಜಾನಿ ಕೇಳದ ನನ್ನ ಅಂಗಿ ಒಗದೀದಿ. ಎರಡು. ಈಗ ತುಪ್ಪ. ಅಂದ್ರ ನಿನ್ನಿನೇ ಕದ್ದು ಓದೀದಿ, ಆಂವ ಸತ್ತಾನ, ನನ್ನ ಮ್ಯಾಲ ನಿನಗ ಕನಿಕರ ಬಂದದ.

ಪರಿಮಳಾ: ಯಾವ ಕೆಸರು?

ಕಾಂತೇಶ: ಏನು?

ಪರಿಮಳಾ: ಪಡಸಾಲ್ಯಾಗ ಯಾವ ಕೆಸರು?

ಅವಳು ಎದ್ದು ಹೋಗಿ ನೋಡಿ ಬಂದಳು. ಆಮೇಲಿನ ಎರಡು ನಿಮಿಷ ವಜ್ರಭುಜನ ವಿಷಯ ಬರಲಿಲ್ಲ. ಅಂಗಿ ಒಗೆದದ್ದು ಸೀರೆ ನೆನೆಹಾಕಿದ ಸಾಬೂನು ಪುಡಿಯ ನೀರು ಉಳಿದಿತ್ತೆಂದು. ತುಪ್ಪ ಹಾಕಿದ್ದು ಡಬ್ಬಿ ತಳ ಕಂಡು ತೊಳೆಯಬೇಕಾಗಿತ್ತೆಂದು, ಇದ್ದದ್ದನ್ನೆಲ್ಲ ಸುರಿದದ್ದಕ್ಕೆ ಈಗ ಹೊಟ್ಟೆ ಉರಿಯುತ್ತಿದೆಯೆಂದು ಅವಳು ಬಿಡಿಸಿ ಹೇಳಿದಳು. ಕಾಂತೇಶ ಒಂದನ್ನೂ ನಂಬಲಿಲ್ಲ. ಇಷ್ಟು ಬರೋಬ್ಬರಿ ಕಾರಣ ಕೊಡುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ.

ಕಾಂತೇಶ: ಸಾಕು. ಸತ್ತಾನಂತ ನನಗ ಖಾತ್ರಿ ಆತು. ಮೂವತ್ತು ವರ್ಷದ ಸಂಬಂಧ. ನನಗ ಊಟ ಬ್ಯಾಡ.

ಇದನ್ನು ಅವನು ತುಸು ಗಟ್ಟಿಯಾಗಿಯೇ ಹೇಳಿದ. ಪಕ್ಕದ ಮನೆಗೂ ಈ ಮನೆಗೂ ನಡುವೆ ಇರುವುದು ಎದೆಯೆತ್ತರದ ಗೋಡೆ. ಗಂಡ ಗೋಡೆಯ ಕಡೆ, ಹೆಂಡತಿ ಕೆಸರಿನ ಕಡೆ ಮುಖ ಮಾಡಿ ಕೂತ ಅರ್ಧ ಗಂಟೆಯ ಮೇಲೆ ಪಕ್ಕದ ಮನೆಯ ಮೌನಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, ಬುಟ್ಟಿ ಹಿಡಿದು ಒಳಗೆ ಬಂದಳು. ಬುಟ್ಟಿಯಲ್ಲಿ ಹತ್ತು ರೊಟ್ಟಿ, ಬಟ್ಟಲಲ್ಲಿ ಕಡಲೆಹಿಟ್ಟಿನ ಜುಣಕ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಊಟ ಒಯ್ಯುತ್ತಾರೆ. ಆದರೆ ಈ ಮನೆಯ ಒಲೆಯ ಬಿಸಿ ಇನ್ನೂ ಆರಿರಲಿಲ್ಲ.

ಮೌನಮ್ಮ: ಒಲಿ ಹಚ್ಚೀರೇನು ಅಕ್ಕೋರ?

ಪರಿಮಳಾ: ಯಾಕ್ರಿ, ಹಚ್ಚಬಾರದೇನು?

ಮೌನಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಕಲಿತವರ ಮನೆಯ ಪದ್ಧತಿ ಬೇರೆ ಇರಬಹುದು ಎಂದುಕೊಂಡು ಕಾಂತೇಶನ ಹತ್ತಿರ ಕೂತಳು.

ಮೌನಮ್ಮ: ಸಮಾಧಾನ ಮಾಡ್ಕೋ ತಮ್ಮಾ. ಯಾವಾಗ ಆತು?

ಕಾಂತೇಶ: ನನಗ ಗೊತ್ತಿಲ್ಲಕ್ಕ. ಇಕೀಗಿ ಗೊತ್ತದ, ಹೇಳವಲ್ಲಳು.

ಮೌನಮ್ಮ: ವಯಸ್ಸಾಗಿತ್ತೇನು?

ಕಾಂತೇಶ: ಮೂವತ್ತೆರಡು. ನಾ ಎಂಟನೇ ಕ್ಲಾಸಿನಾಗ ಇದ್ದಾಗನೂ ಅಷ್ಟ ಇತ್ತು.

ಮೌನಮ್ಮ ಲೆಕ್ಕ ಹಾಕಲು ಹೋಗಿ ಬಿಟ್ಟಳು. ದುಃಖದಲ್ಲಿದ್ದವರ ಮಾತು ಹಿಡಿಯಬಾರದು.

ಮೌನಮ್ಮ: ಹೆಣ್ತಿ ಇದ್ದಳೇನು?

ಕಾಂತೇಶ: ಇದ್ದಳು. ಅಕೀಗಿ ಗಂಡನ ಗುರ್ತು ಹತ್ತತಿರಲಿಲ್ಲ.

ಮೌನಮ್ಮ: ಅಯ್ಯ ಪಾಪ. ತಲಿ ಸರಿ ಇರಲಿಲ್ಲೇನು?

ಪರಿಮಳಾ: ಅದನ್ನೇ ನಾನೂ ಬರದೇನ್ರಿ.

ಮೌನಮ್ಮ: ಕೆಲಸ ಏನಿತ್ತು ತಮ್ಮಾ?

ಕಾಂತೇಶ: ಊರು ಕಾಯೋದು.

ಮೌನಮ್ಮ: ವಾಚ್‌ಮನ್ ಅನ್ನು. ಮಣ್ಣು ಎಲ್ಲಿ ಮಾಡ್ತಾರ? ಹೋಗಬೇಕಲ್ಲ, ಜೀಪಿಗಿ ಹೇಳಲೇನು?

ಜೀಪಿನ ಮಾತು ಬಂದಾಗ ಪರಿಮಳಾಗೆ ಇನ್ನು ಸುಮ್ಮನಿರುವುದು ಸರಿಯಲ್ಲ ಎನಿಸಿತು. ಕಪಾಟಿನಿಂದ ಆರು ಪುಸ್ತಕ ತಂದು ಮೌನಮ್ಮನ ಮುಂದಿಟ್ಟು ಸತ್ತವನನ್ನು ಪರಿಚಯ ಮಾಡಿಸಿದಳು. ಮೌನಮ್ಮ ಮೊದಲ ಪುಸ್ತಕದ ರಟ್ಟನ್ನು ಕೈಯಳತೆ ದೂರದಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಹತ್ತು ರೊಟ್ಟಿ ಬಡಿದು ಕೆಂಪಾದ ಅವಳ ಅಂಗೈಯನ್ನು ಕಾಂತೇಶ ನೋಡಿದ, ತಲೆ ತಗ್ಗಿಸಿದ.

ಮೌನಮ್ಮ: ಇವನೇನು?

ಕಾಂತೇಶ: ಇವನೇ ಅಕ್ಕ.

ಮೌನಮ್ಮ: ಚಡ್ಡಿ ಹೊರಗ ಹಾಕ್ಯಾನಲ್ಲ. ಇವಗ ಸಾವು ಬಂದರ ಅಲ್ಲೇ ತಿರುಗಿ ಹೋಗ್ತದ ಬಿಡು. ಇರಲಿ, ಖರೇ ಸತ್ತಾನೋ ಇಲ್ಲೋ? ಒಂದು ಕಡೆ ಹೇಳ್ರಿ. ನಾ ರೊಟ್ಟಿ ಬಡದು ತಂದೇನಿ.

ಕಾಂತೇಶ ಹೆಂಡತಿಯ ಕಡೆ ನೋಡಿದ.

ಪರಿಮಳಾ: ಈಗ ಮಾತಾಡಲಿಕ್ಕೆ ಪರವಾನಗಿ ಅದ ಏನು?

ಕಾಂತೇಶ: ಆಡು. ಗೊತ್ತಾಗಿಹೋಗ್ಯದ, ಇನ್ನೇನು.

ಅವಳು ಒಳಗೆ ಹೋಗಿ ಉತ್ತರಪತ್ರಿಕೆಗಳ ಕಟ್ಟಿನ ಅಡಿಯಿಂದ ಏಳನೆಯ ಪುಸ್ತಕ ತಂದು ಅವನ ಮಡಿಲಲ್ಲಿಟ್ಟಳು. ಅಂಗಡಿಯವರು ಹಾಕಿ ಕೊಟ್ಟ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ನಾಲ್ಕು ಮೂಲೆಯೂ ಅಂಟಿಕೊಂಡೇ ಇದ್ದವು. ಕಾಂತೇಶ ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂರು ಸಲ ನೋಡಿದ.

ಕಾಂತೇಶ: ನೀ ಓದೇ ಇಲ್ಲ.

ಪರಿಮಳಾ: ಇಲ್ಲ. ಇದೊಂದು ಮೊದಲು ನೀವು ಓದಲಿ ಅಂತ ಎತ್ತಿಟ್ಟಿದ್ದೆ.

ಕಾಂತೇಶ: ಮತ್ತ ಓದಿಲ್ಲಂತ ಹೇಳಬೇಕಿಲ್ಲೇನು? ಎಷ್ಟು ಹೊತ್ತಾತು ನಾ ಒದ್ದಾಡಾಕತ್ತು.

ಪರಿಮಳಾ: ಒಂದು ಮಾತೂ ಆಡಬ್ಯಾಡ ಅಂದವ್ರು ಯಾರು? ಓದಿಲ್ಲ ಅನ್ನೋದೂ ಒಂದು ಮಾತ.

ಕಾಂತೇಶ ಎರಡು ರೀತಿಯಲ್ಲಿ ಕ್ಷಮೆ ಕೇಳಲು ನೋಡಿದ. ಒಂದರಲ್ಲೂ ಮಾತು ಕೂಡಲಿಲ್ಲ. ಮೌನಮ್ಮ, ಮೊದಲು ಓದಿ ಬಾ, ಹೊಟ್ಟಿ ಕಾಯ್ತದ ಎಂದಳು. ಅವನು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಉಗುರಿನಿಂದ ಮೂಲೆ ಬಿಡಿಸಿದ. ಹೊಸ ಪುಸ್ತಕದ ವಾಸನೆ ಬಂತು. ಅಂಚುಗಳು ಬೆಳ್ಳಗಿದ್ದವು, ಎಲ್ಲಿಯೂ ಪೆನ್ಸಿಲ್ ಇರಲಿಲ್ಲ. ಬೇಕಾದದ್ದು ಇದೇ ಆಗಿದ್ದರೂ ಮೂರನೆಯ ಪುಟದಲ್ಲಿ ವಜ್ರಭುಜ ರೈಲನ್ನು ಕಿರುಬೆರಳಿನಿಂದ ಎತ್ತಿದಾಗ, ಇಲ್ಲಿ ಅವಳು ಏನು ಬರೆಯುತ್ತಿದ್ದಳು ಎಂದು ಅವನ ಕಣ್ಣು ಅಂಚಿಗೆ ಹೋಯಿತು. ಒಂಬತ್ತನೆಯ ಪುಟದಲ್ಲೂ ಹೋಯಿತು. ಕೊನೆಯ ಪುಟವನ್ನು ಎರಡು ಸಲ ಓದಿದ.

ಹೊರಗೆ ಬಂದು ಕೈ ತೊಳೆದುಕೊಂಡು ಕೂತ. ಪರಿಮಳಾ, ಗಂಡ ತುಪ್ಪಕ್ಕೆ ಕಟ್ಟಿದ ಅರ್ಥವನ್ನು ಮೌನಮ್ಮನಿಗೆ ಹೇಳುತ್ತ, ಅವನಿಗಾಗಿ ಕಾದು ಕೂತಿದ್ದಳು, ಅವಳ ತಟ್ಟೆ ಖಾಲಿಯಿತ್ತು. ಇಬ್ಬರು ಹೆಂಗಸರೂ ಅವನ ಮುಖ ನೋಡಿದರು. ಇಪ್ಪತ್ತೆರಡು ವರ್ಷ ಮಟ್ಟ ಅಳೆದವನ ಮುಖದಲ್ಲಿ ಮಟ್ಟ ಕಾಣಲಿಲ್ಲ.

ಪರಿಮಳಾ: ಏನೂ ಹೇಳಬ್ಯಾಡ್ರಿ. ನಾ ಇನ್ನಾ ಓದಬೇಕು.

ಕಾಂತೇಶ ತನ್ನ ತಟ್ಟೆಯಲ್ಲಿ ತಣ್ಣಗಾಗಿದ್ದ ತುಪ್ಪದ ರೊಟ್ಟಿಯನ್ನು ಎರಡೂ ಕೈಯಿಂದ, ಒಂದು ಹನಿ ಚೆಲ್ಲದಂತೆ ಎತ್ತಿ, ಹೆಂಡತಿಯ ತಟ್ಟೆಗೆ ಇಟ್ಟ.

ಪರಿಮಳಾ ರೊಟ್ಟಿಯನ್ನು ನೋಡಿದಳು. ಗಂಡನನ್ನು ನೋಡಿದಳು.

ಮೌನಮ್ಮ ತನ್ನ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದಳು.

ಮೌನಮ್ಮ: ಹಂಗಾರ ನನ್ನ ರೊಟ್ಟಿ ದಂಡ ಆಗಲಿಲ್ಲ.