ಮೂಗುತಿಯ ಮೀನು

ಅಜ್ಜಿಗೆ ಮೀನು ಸಾಕಲು ಬರುವುದಿಲ್ಲ ಎಂದು ನಿಮ್ಮಪ್ಪ ಹೇಳಿಕೊಂಡು ತಿರುಗುತ್ತಾನಲ್ಲ ಮಕ್ಕಳೇ, ನಡೆದದ್ದನ್ನು ನಾನೇ ಬರೆದಿಡುತ್ತೇನೆ.

ಆಗ ನಿಮ್ಮ ತಾತ ಬೆಂಗಳೂರಿನ ಹತ್ತಿರದ ಮಧುರೆ ಎಂಬ ಊರಲ್ಲಿ ಮೇಷ್ಟರು. ಹೆಡ್ಮಾಸ್ಟರ ಹೆಂಡತಿ ಲಲಿತಮ್ಮ ಮಗಳ ಬಾಣಂತನಕ್ಕೆ ಹೊರಟಾಗ, ತಮ್ಮ ಗಾಜಿನ ತೊಟ್ಟಿಯನ್ನೂ ಅದರಲ್ಲಿದ್ದ ಒಂದೇ ಒಂದು ಚಿನ್ನದ ಬಣ್ಣದ ಮೀನನ್ನೂ ನನಗೆ ಒಪ್ಪಿಸಿದರು. "ಮಗಳ ಹಾಗೆ ಸಾಕಿದೀನಿ. ಹೇಗಿದೆಯೋ ಹಾಗೇ ವಾಪಸ್ ಕೊಡ್ಬೇಕು" ಅಂದರು. ಇಡೀ ಬೀದಿಯಲ್ಲಿ ನನ್ನೊಬ್ಬಳನ್ನೇ ನಂಬಿದ್ದರು. ಐದು ಮಕ್ಕಳನ್ನು ಸಾಕಿದವಳಿಗೆ ಬೆರಳುದ್ದದ ಮೀನು ಯಾವ ಲೆಕ್ಕ!

ಒಂಟಿ ಮೀನು ಸೊರಗೀತು ಎಂದು, ಬೆಂಗಳೂರಿಗೆ ಹೋದಾಗ ಜೊತೆಗೊಂದು ತಂದೆ. ಅಂಗಡಿಯಲ್ಲಿ ಹತ್ತಾರಿದ್ದವು. ನಾನು ಹುಡುಕಿ ಆರಿಸಿದ್ದು, ರೆಕ್ಕೆಯ ಮೇಲೆ ಬಿಳೀ ಮುತ್ತಿನಂಥ ಬೊಟ್ಟಿದ್ದ ಮೀನನ್ನು. ರೆಕ್ಕೆಯ ಮೇಲಾದರೇನು, ಮೂಗುತಿ ಇಟ್ಟ ಹಾಗೆ ಲಕ್ಷಣವಾಗಿತ್ತು. ತಂದವಳೇ ತೊಟ್ಟಿಗೆ ಬಿಟ್ಟೆ.

ಚಳಿ ಹಿಡಿದ ಹೊತ್ತಿಗೆ ಲಲಿತಮ್ಮನ ಮೀನಿಗೂ ಮುತ್ತು ಬಂತು. ಮೊದಲು ಸಂತೋಷಪಟ್ಟೆ. ಆಮೇಲೆ ಬಾಲ, ಬೆನ್ನು, ಎಲ್ಲೆಂದರಲ್ಲಿ ಮೇಣದ ಹನಿಯಂಥ ಗುಳ್ಳೆ! ಪಕ್ಕದ ಮನೆ ಪುಟ್ಟಮ್ಮ ಇಣುಕಿ, ಇದು ಅಮ್ಮನೇ ಎಂದು ಕೈಮುಗಿದಳು. ಸೀತಾಳೆ ಸಿಡುಬನ್ನು ನಾವು ಅಮ್ಮ ಅನ್ನುವುದು. ದೇವಿ ಮೈಮೇಲೆ ಬಂದಳೆಂದು ಲೆಕ್ಕ.

ಇನ್ನು ನನ್ನ ಶಾಸ್ತ್ರದಲ್ಲಿ ಲೋಪವುಂಟೇ? ಬಾಗಿಲಿಗೆ ಬೇವಿನ ಸೊಪ್ಪು. ತೊಟ್ಟಿಗೂ ಬೇವು, ಮೇಲೆ ಅರಿಶಿನ. ಹೊರಗಿನವರು ಹೊಸ್ತಿಲು ದಾಟಕೂಡದು. ಅಡಿಗೆಗೆ ಒಗ್ಗರಣೆ ಇಲ್ಲ. ನಿಮ್ಮ ತಾತ ಸಪ್ಪೆ ಸಾರು ಉಂಡು ಉಂಡು, ಕೊನೆಗೆ ದನದ ಡಾಕ್ಟರನ್ನು ಕರೆತಂದರು.

ಅವರು ಹಳದಿ ನೀರು ನೋಡಿಯೇ ಹೌಹಾರಿದರು. ಇದು ವೈರಸ್ಸಿನ ರೋಗ, ಮದ್ದಿಲ್ಲ, ನೀರು ಚೊಕ್ಕಟವಾಗಿಟ್ಟರೆ ಚಳಿ ಕಳೆದಂತೆ ಗುಳ್ಳೆ ತಾನೇ ಉದುರೀತು ಎಂದರು. ಆಮೇಲೆ ಕೇಳಿದರು: "ಹೊಸ ಮೀನನ್ನ ಕೆಲವು ವಾರ ಬೇರೆ ಪಾತ್ರೇಲಿಟ್ಟು ನೋಡ್ಬೇಕಿತ್ತಲ್ಲಮ್ಮ?"

ನನಗೆ ಮೈಯೆಲ್ಲ ಉರಿಯಿತು. ಅಮ್ಮ ಬಂದವರನ್ನು ಬೇರೆ ಇಡಬೇಕೆಂದು ಐದು ಹೆತ್ತವಳಿಗೆ ದನದ ಡಾಕ್ಟರು ಹೇಳಿಕೊಡುವುದೇ! "ಹಾಲಿನೋಳನ್ನೂ ಹೊಸ್ತಿಲು ದಾಟ್ಸಿಲ್ಲ ಸ್ವಾಮಿ" ಅಂದೆ.

ತಾತ ತೊಟ್ಟಿಯ ಕಡೆ ಬೆರಳು ತೋರಿಸಿದರು. "ಹಾಲಿನೋಳಿಗೆ ಮೂಗುತಿ ಇರ್ಲಿಲ್ಲ ಕಣೇ."

ಬೇಸಿಗೆಗೆ ಗುಳ್ಳೆ ಉದುರಿದವು. ಲಲಿತಮ್ಮ ಬಂದು ತಮ್ಮ ಮೀನನ್ನು ಹಿಂದೆ ಮುಂದೆ ನೋಡಿಯೇ ತೆಗೆದುಕೊಂಡರು. ಮೂಗುತಿಯವಳನ್ನು ಮಾತ್ರ ಒಲ್ಲೆನೆಂದರು. ಅದು ನಮ್ಮ ಮನೆಯಲ್ಲೇ ಉಳಿಯಿತು, ಬೇರೆ ಪಾತ್ರೆಯಲ್ಲಿ.

ಅಂದಿನಿಂದ ನನ್ನ ತವರಿನವರು ಬಂದಾಗಲೆಲ್ಲ ತಾತ ಪಡಸಾಲೆಯಿಂದ ಕೂಗುತ್ತಿದ್ದರು: "ಲೇ, ಇವರನ್ನ ಒಳಗೆ ಬಿಡೋದಾ, ಇಲ್ಲಾ ಕೆಲವು ವಾರ ಕೊಟ್ಟಿಗೇಲಿಟ್ಟು ನೋಡೋದಾ?"

ಅಂಥ ದಿನ ಅವರೊಬ್ಬರಿಗೆ ಒಗ್ಗರಣೆಯಿಲ್ಲದ ಸಾರು ಬಡಿಸುತ್ತಿದ್ದೆ. ನನಗೆ ಉಳಿದಿದ್ದ ಅಧಿಕಾರ ಅದೊಂದೇ.