ಕಾಕಾನ ಮೋಟಾರು ಮತ್ತು ಒಂದು ತಂಬಿಗೆ ನೀರು

ಶಿಗ್ಗಾವಿಯ ಪೇಟೆಯನ್ನು ಬೆನ್ನು ಮುಂದಾಗಿ ಸುತ್ತಿ ಬಂದ ಏಕೈಕ ಮನುಷ್ಯ ನಮ್ಮ ಕಾಕಾ. ಸುಳ್ಳೆನ್ನುತ್ತೀರಾ? ಆ ಮೋಟಾರಿನಲ್ಲಿ ನಾನೂ ಕುಳಿತಿದ್ದೆ, ಸೆರಗಿನಿಂದ ಮುಖ ಮುಚ್ಚಿಕೊಂಡು!

ಯುದ್ಧ ಶುರುವಾಗುವ ಹಿಂದಿನ ವರ್ಷ ಸವಣೂರಿನ ಸಾಹುಕಾರರೊಬ್ಬರಿಂದ ಆ ಹಳೆಯ ಮೋಟಾರನ್ನು ತಂದಿದ್ದ. ಕಾರಣ ಚಿಗವ್ವ, ಅಂದರೆ ಅವನ ಹೆಂಡತಿ. ಎತ್ತಿನ ಚಕ್ಕಡಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವಳಿಗೆ ಚಕ್ಕಡಿಯ ಕುಲುಕಾಟ ತಡೆಯಲಾಗುತ್ತಿರಲಿಲ್ಲ. ಮೂರು ನಾಗರಪಂಚಮಿ ತವರು ಕಾಣದೆ ಕಳೆದಿದ್ದಳು. ಅಲ್ಲಿ ತಡಸದಲ್ಲಿ ಅಕ್ಕತಂಗಿಯರು ಜೋಕಾಲಿ ಜೀಕುವಾಗ ಇವಳು ಇಲ್ಲಿ ಜೋಳದ ಅಳ್ಳು ಹುರಿಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಈ ಪಂಚಮಿಗೆ ನಿನ್ನ ತಡಸಕ್ಕ ಮುಟ್ಟಸ್ತೇನಿ" ಎಂದು ಕಾಕಾ ಮಾತು ಕೊಟ್ಟ.

ಮಾತು ಕೊಟ್ಟವನು ಕಾಕಾ; ಗೇರಿನ ಕೋಲು ಕೊಟ್ಟಿತ್ತೇ? ಅದು ಅಂಬಲಿಯೊಳಗಿನ ಸೌಟಿನಂತೆ ಎತ್ತೆಂದರತ್ತ ಓಲಾಡುತ್ತಿತ್ತು. ಒಂದನೆಯ ಗೇರು ಹಾಕಿದರೆ ಮೂರನೆಯದು ಬಿದ್ದು, ಮೋಟಾರು ಧಡಕ್ಕನೆ ಜಿಗಿದು ನಿಲ್ಲುತ್ತಿತ್ತು.

ಕಾಕಾನಿಗೆ ಗೊತ್ತಿದ್ದುದು ಚಕ್ಕಡಿಯ ವೈದ್ಯ ಒಂದೇ. ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಕೋಲಿನ ಬುಡಕ್ಕೆ ಬಳಿದ. ಅದು ಇನ್ನಷ್ಟು ಜಾರಿತು. ಬಡಿಗೇರ ಅಜ್ಜನನ್ನು ಕರೆಸಿದ. ಅಜ್ಜ ಗಾಲಿ ಸಡಿಲಾದಾಗ ಬಡಿಯುವಂತೆ ಜಾಲಿಯ ಬೆಣೆಯೊಂದನ್ನು ಬಡಿದ. ಗಟ್ಟಿಯಾಯಿತು! ಆದರೆ ಗಟ್ಟಿಯಾದದ್ದು ಹಿಂದಕ್ಕೆ ಹೋಗುವ ಗೇರಿನಲ್ಲಿ.

"ಯಾವ ಕಡೆ ಹೋಗೂದೈತಿ ಅಂತ ನೀವು ಮೊದ್ಲ ಹೇಳ್ಲಿಲ್ಲಲ್ರಿ!" ಎಂದ ಅಜ್ಜ.

"ಇರ್ಲಿ, ಬೆಣಿ ಪರೀಕ್ಷಾ ಆಗ್ಲಿ" ಎಂದು ಕಾಕಾ ಹೊರಟೇಬಿಟ್ಟ. ಪೇಟೆಯ ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರೆ ಇವನು ಎಲ್ಲರಿಗೂ ಕೈಮುಗಿಯುತ್ತಿದ್ದ. "ಹೋಗೋ ಮುಂದ ಮಂದಿ ಮಾರಿ ನೋಡ್ಕೋಂತ ಹೋಗೋ ಭಾಗ್ಯ ಯಾರಿಗೈತಿ?"

ಮರುದಿನ ಬೆಣೆ ಕಿತ್ತು, ಮುಚ್ಚಳ ತಿರುವಿ, ಕೋಲನ್ನೇ ಹೊರಗೆಳೆದು ದೀಪದ ಚಿಮಣಿ ಎಣ್ಣೆಯಲ್ಲಿ ತೊಳೆದ. ಬುಡದಲ್ಲೊಂದು ಕಬ್ಬಿಣದ ಗುಂಡು, ಅದನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗು. ಗುಂಡು ಸವೆದಿತ್ತು, ಸ್ಪ್ರಿಂಗು ಸೋತಿತ್ತು. ನಡುವೆ ಎರಡು ಗೋಧಿಕಾಳು ಹಿಡಿಯುವಷ್ಟು ಸಂದು!

"ಸಿಕ್ಕ ನೋಡವ್ವಾ ಕಳ್ಳ!" ಎಂದು ನನಗೆ ತೋರಿಸಿದ. ಆ ಸಂದಿಗೆ ಏನು ತುಂಬಿದ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಹೊಸ ಹುಚ್ಚು. ಹಿಂದಿನ ಸೀಟಿನ ಮೇಲೆ ಕಂಠದವರೆಗೆ ನೀರು ತುಂಬಿದ ತಂಬಿಗೆ ಇಟ್ಟುಕೊಂಡು ದಿನಾ ದುಂಡಸಿಯ ದಾರಿ ಹಿಡಿಯುವುದು, ಮರಳಿ ಬಂದು ಸೀಟು ಮುಟ್ಟಿ ನೋಡುವುದು.

"ಕಾಕಾ, ನೀರಿಗ್ಯಾಕ ಮೋಟಾರ್ ಸವಾರಿ?"

"ನಿಮ್ಮ ಚಿಗವ್ವನ ಸೊಂಟ ಅದು. ಚೆಲ್ಲಬಾರ್ದು."

ನಾನು ನಕ್ಕುಬಿಟ್ಟೆ. ಆಗ ನನಗೆ ಬುದ್ಧಿ ಇರಲಿಲ್ಲ.

ಪಂಚಮಿಯ ಹಿಂದಿನ ದಿನ ಚಿಗವ್ವನನ್ನೂ ನನ್ನನ್ನೂ ಕೂರಿಸಿ, ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಹೊರಟ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಗೇರು ಬಿದ್ದದ್ದೇ ತಿಳಿಯಲಿಲ್ಲ. ತಡಸದ ಮನೆಯ ಮುಂದೆ ಚಿಗವ್ವ ತಾನೇ ಇಳಿದಳು. ಅಳಿಯನನ್ನು ಎದುರುಗೊಳ್ಳಲು ಬಂದವರು ಬೆರಗಾಗಿ ನಿಂತರು. ತಲೆಗೆ ಜರತಾರಿ ರುಮಾಲು, ಕಾಲಿಗೆ ಏನೂ ಇಲ್ಲ!

"ಹೊಸಾ ಮೆಟ್ಟು ಎಲ್ಲದಾವ್ರಿ?" ಎಂದಳು ಚಿಗವ್ವ.

"ಗೇರಿನ ಬುಡದಾಗ. ಅವನ್ನ ಕತ್ತರಿಸಿ ದುಂಡನ್ನ ಬಿಲ್ಲಿ ಮಾಡಿ ಹಾಕೇನಿ. ಅಂಥಾ ಛಲೋ ತೊಗಲು ಬ್ಯಾರೆ ಎಲ್ಲೂ ಸಿಗ್ಲಿಲ್ಲ."

ಕಾಲಿಗೆ ನೀರು ತರಲು ಹೆಂಗಸರು ಒಳಗೆ ಓಡಿದರು. ಚಿಗವ್ವ ಕಾಯಲಿಲ್ಲ. ಸೊಂಟದ ನೋವು ಮರೆತು ಬಾಗಿ, ಹನಿಯೂ ಚೆಲ್ಲದೆ ಬಂದಿದ್ದ ಆ ತಂಬಿಗೆ ನೀರನ್ನು ಅವನ ಬರಿಗಾಲ ಮೇಲೆ ಸುರಿದಳು.